ನಾಲ್ಕು ವರ್ಷ, ಐದು ಬೆಲ್ಟ್: ನಮ್ಮ ಗ್ರೇಟ್ ಡೇನ್ ಕತ್ತಿಗೆ ಕೊನೆಗೂ ಸರಿಯಾಗಿ ಕೂತಿದ್ದು

ನಮ್ಮ ಸೋಮನ ಕತ್ತಿನ ಸುತ್ತಳತೆ 26 ಇಂಚು. ನನ್ನ ಹತ್ತು ವರ್ಷದ ಮಗಳ ಸೊಂಟಕ್ಕಿಂತ ಜಾಸ್ತಿ. ಗ್ರೇಟ್ ಡೇನ್ ತಳಿಯ ಗಂಡು ನಾಯಿ, ಈಗ ನಾಲ್ಕು ವರ್ಷ ಎರಡು ತಿಂಗಳು. ತೂಕ 68 ಕೆ.ಜಿ., ಭುಜದ ಹತ್ತಿರ 33 ಇಂಚು ಎತ್ತರ. ಕೋಲಾರದ ಹೊರಗೆ, ಅಂತರಗಂಗೆ ಬೆಟ್ಟ ಎದುರಿಗೇ ಕಾಣುವ ಕಡೆ ನಮ್ಮ ಮನೆ. ಹಿಂದೆ ಒಂದೂವರೆ ಎಕರೆ ಟೊಮೆಟೊ ತೋಟ.

ಈಗ ಅವನ ಕತ್ತಲ್ಲಿರುವುದು ಎರಡು ಇಂಚು ಅಗಲದ ಚರ್ಮದ ಬೆಲ್ಟ್. ಅಂಗಡಿಯಲ್ಲಿ ಕೊಂಡಿದ್ದಲ್ಲ, ಅಳತೆ ಕೊಟ್ಟು ಮಾಡಿಸಿದ್ದು. ಎರಡೂವರೆ ವರ್ಷದಿಂದ ದಿನಾ ಬಳಸುತ್ತಿದ್ದೇನೆ. ಮೂರು ಮಳೆಗಾಲ ಕಂಡಿದೆ. ಇದರ ಒಳ್ಳೆಯದು ಕೆಟ್ಟದ್ದು ಎರಡೂ ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು ಹಾಳಾದ ಬೆಲ್ಟ್‌ಗಳ ಕಥೆ ಹೇಳಬೇಕು. ಇದನ್ನು ಯಾಕೆ ಹೀಗೇ ಮಾಡಿಸಿದೆ ಅನ್ನುವುದು ಅದರಲ್ಲಿದೆ.

ಮೊದಲನೆಯದು ಮರಿಗೆ ತಂದ ಮುಕ್ಕಾಲು ಇಂಚಿನ ನೈಲಾನ್ ಪಟ್ಟಿ. ಅದರ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ, ಚೆನ್ನಾಗೇ ಇತ್ತು. ಮರಿಗೆ ದುಬಾರಿ ಬೆಲ್ಟ್ ಬೇಡವೇ ಬೇಡ. ಈ ತಳಿಯ ಗಂಡು ಮರಿ ಹುಟ್ಟಿದಾಗ ಒಂದು ಕೆ.ಜಿ. ಕೂಡ ಇರುವುದಿಲ್ಲ, ವರ್ಷ ತುಂಬುವಾಗ 50 ಕೆ.ಜಿ. ದಾಟಿರುತ್ತದೆ. ನಾನು ಪ್ರತಿ ಭಾನುವಾರ ಟೈಲರ್ ಟೇಪಿನಲ್ಲಿ ಕತ್ತು ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದೆ. ಮೂರು ತಿಂಗಳಿಗೆ 14 ಇಂಚು, ಆರು ತಿಂಗಳಿಗೆ 20, ವರ್ಷಕ್ಕೆ 24. ಎರಡು ವಾರ ಅಳೆಯದೆ ಬಿಟ್ಟರೆ ಬೆಲ್ಟ್ ಬಿಗಿಯಾಗಿರುತ್ತಿತ್ತು. ಪಾಪ, ಮರಿ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ?

ಏಳು ತಿಂಗಳಿಗೆ ಎರಡನೆಯದು. ಆನ್‌ಲೈನಲ್ಲಿ 'ದೈತ್ಯ ತಳಿಗಳಿಗೆ, ಎಕ್ಸ್‌ಎಲ್, 28 ಇಂಚು' ಅಂತ ಹಾಕಿದ್ದರು. 28 ಅಂದರೆ ಇನ್ನು ಯೋಚನೆ ಇಲ್ಲ ಅಂದುಕೊಂಡೆ. ಅದು ಬಕಲ್ ತುದಿಯಿಂದ ಪಟ್ಟಿಯ ಬಾಲದ ತುದಿವರೆಗಿನ ಉದ್ದ. ಕೊನೇ ತೂತು ಇದ್ದದ್ದು 24ರಲ್ಲಿ. ವರ್ಷ ತುಂಬುವ ಹೊತ್ತಿಗೆ ಕೊನೇ ತೂತಿಗೆ ಹಾಕಿದರೂ ಒಂದು ಬೆರಳು ಒಳಗೆ ಹೋಗುತ್ತಿರಲಿಲ್ಲ. ವಾಕಿಂಗಿನಲ್ಲಿ ಸ್ವಲ್ಪ ಎಳೆದರೂ ಕೆಮ್ಮುತ್ತಿದ್ದ. ನೆಗಡಿ ಇರಬೇಕು ಅಂತ ಪಶು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಬೆಲ್ಟ್ ಬಿಚ್ಚಿದರು. ಆಮೇಲೆ ಸ್ಟೆತಸ್ಕೋಪ್ ತೆಗೆದುಕೊಂಡರು. ಗಂಟಲ ಮುಂಭಾಗದಲ್ಲಿ ಚರ್ಮದ ಕೆಳಗೇ ಶ್ವಾಸನಾಳ ಇದೆ, ಬಿಗಿ ಪಟ್ಟಿ ಅದನ್ನೇ ಒತ್ತುತ್ತದೆ ಅಂದರು. ಎರಡು ದಿನಕ್ಕೆ ಕೆಮ್ಮು ನಿಂತಿತು. ಅವತ್ತಿನ ನೋವು ನನಗೆ ಇನ್ನೂ ಹೋಗಿಲ್ಲ.

ಆದ್ದರಿಂದ ಬೆಲ್ಟ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಒಟ್ಟು ಉದ್ದ ಅಲ್ಲ. ಬಕಲ್ಲಿನ ಮುಳ್ಳು ಇರುವ ಜಾಗದಿಂದ ನಡುವಿನ ತೂತಿನವರೆಗೆ ಎಷ್ಟು ಅಂತ ಕೇಳಿ. ನಾಯಿಗೆ ಆಗಬೇಕಾದದ್ದು ನಡುವಿನ ತೂತು. ಆಗ ಆಚೆಗೂ ಈಚೆಗೂ ಎರಡೆರಡು ತೂತು ಉಳಿಯುತ್ತದೆ.

ಮೂರನೆಯದು ಒಂದೂವರೆ ಇಂಚು ಅಗಲದ ದಪ್ಪ ನೈಲಾನ್, ಒಳಗೆ ಸ್ಪಂಜು. ಅಳತೆ ಸರಿಯಾಗಿತ್ತು, ನೋಡಲೂ ಚೆಂದ. ಎರಡೇ ತಿಂಗಳಿಗೆ, ಅಂತರಗಂಗೆಗೆ ಹೋಗುವ ದಾರಿಯಲ್ಲಿ, ಮಂಗಗಳ ಗುಂಪು ಕಂಡು ಸೋಮ ಒಮ್ಮೆಲೇ ಜಿಗಿದ. ನನ್ನ ಕೈಯಲ್ಲಿ ಹಗ್ಗ ಉಳಿಯಿತು. ಪಟ್ಟಿ ಹರಿದಿರಲಿಲ್ಲ, ಹೊಲಿಗೆ ಬಿಟ್ಟಿರಲಿಲ್ಲ. ಹಗ್ಗ ಸಿಕ್ಕಿಸುವ ಡಿ ಆಕಾರದ ಉಂಗುರ ಬಾಯಿ ತೆರೆದಿತ್ತು. ಮೇಲೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಉಂಗುರಕ್ಕೆ ವೆಲ್ಡಿಂಗೇ ಇರಲಿಲ್ಲ, ತಂತಿಯನ್ನು ಬಗ್ಗಿಸಿ ಎರಡು ತುದಿ ಕೂಡಿಸಿಟ್ಟಿದ್ದರು. ಅವನು ಮಂಗಗಳ ಹಿಂದೆ ಬಂಡೆ ಹತ್ತಿದ. ಕೆಳಗೆ ರಸ್ತೆ ಕಡೆ ಓಡಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈ ನಡುಗುತ್ತದೆ. ಮುಕ್ಕಾಲು ಗಂಟೆ ಕರೆದ ಮೇಲೆ ಏದುಸಿರು ಬಿಡುತ್ತಾ ಇಳಿದು ಬಂದ. ಲುಂಗಿಯ ಅಂಚು ಹರಿದು ಕತ್ತಿಗೆ ಕಟ್ಟಿ ಮನೆಗೆ ಕರೆತಂದೆ.

ಅದಾದ ಮೇಲೆ ಯಾರೋ ಕಬ್ಬಿಣದ ಚೈನೇ ಗಟ್ಟಿ ಅಂದರು ಅಂತ ಐದು ತಿಂಗಳು ಚೈನು ಹಾಕಿದೆ. ಕತ್ತಿನ ಸುತ್ತ ಕೂದಲು ಉದುರಿ, ಚರ್ಮ ಕಪ್ಪಗೆ ಬಳೆಯ ಹಾಗೆ ಕಾಣತೊಡಗಿತು. ಎಳೆದಾಗ ಇಡೀ ಭಾರ ಬೆರಳಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ, ಮತ್ತಿನ್ನೇನಾಗುತ್ತದೆ? ಅದೇ ಎಳೆತ ಒಂದು ಇಂಚಿನ ಪಟ್ಟಿಯ ಬದಲು ಎರಡು ಇಂಚಿನ ಪಟ್ಟಿಯ ಮೇಲೆ ಬಿದ್ದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕ ನನಗೆ ಹೊಳೆದದ್ದು ನಾಯಿಯಿಂದ ಅಲ್ಲ, ಎತ್ತಿನಿಂದ.

ಶಿವರಾತ್ರಿ ಸಮಯಕ್ಕೆ ಮುಳಬಾಗಿಲು ಹತ್ತಿರ ಆವಣಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಜೋಡಿಗಳನ್ನು ನೋಡಲು ಹೋಗಿದ್ದೆ. ಅಲ್ಲಿ ಗೆಜ್ಜೆ, ಮೂಗುದಾರ, ಹಣೆಪಟ್ಟಿ ಮಾರುವ ಅಂಗಡಿಗಳ ಸಾಲಿನಲ್ಲಿ ಎತ್ತಿನ ಕೊರಳಪಟ್ಟಿಗಳು ನೇತಾಡುತ್ತಿದ್ದವು. ಅಗಲವಾದ ದಪ್ಪ ಚರ್ಮ, ಮೇಣ ಹಾಕಿದ ದಾರದ ಕೈಹೊಲಿಗೆ, ಎರಕದ ಹಿತ್ತಾಳೆ ಬಕಲ್, ಜೋಡಣೆಯೇ ಇಲ್ಲದ ಇಡೀ ಉಂಗುರ. ಒಂದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾ ನಿಂತೆ. ಎತ್ತಿನ ಕತ್ತಿಗೆ ಇಷ್ಟು ಯೋಚನೆ ಮಾಡುತ್ತೇವೆ, ಕರುವಿನಷ್ಟು ತೂಗುವ ನಾಯಿಗೆ ಯಾಕೆ ಮಾಡುವುದಿಲ್ಲ ಅನ್ನಿಸಿತು. ಎತ್ತಿನದು ನಾಯಿಗೆ ತೀರಾ ದೊಡ್ಡದಾಗುತ್ತಿತ್ತು. ಆದರೆ ಒಂದು ಜೊತೆ ಹಿತ್ತಾಳೆ ಬಕಲ್, ಉಂಗುರ ಬಿಡಿಯಾಗಿ ಕೊಂಡು, ಕೋಲಾರದಲ್ಲಿ ನನಗೆ ಪರಿಚಯದ ಚಪ್ಪಲಿ ಹೊಲಿಯುವ ಹಿರಿಯರ ಹತ್ತಿರ ಹೋದೆ.

ಅವರು ಮೊದಲು ಕೇಳಿದ್ದು ಚರ್ಮ ಎಷ್ಟು ದಪ್ಪ ಬೇಕು ಅಂತ. ಐದು ಮಿಲಿಮೀಟರ್ ಅಂದೆ. 'ಹಾಗಾದರೆ ಅರ್ಧ ಇಂಚು ಜಾಸ್ತಿ ಹಿಡಿಯಿರಿ, ದಪ್ಪ ಚರ್ಮ ಬಗ್ಗಿದಾಗ ಒಳಸುತ್ತು ಕಡಿಮೆ ಆಗುತ್ತದೆ' ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ದಪ್ಪವನ್ನು 3.14ರಿಂದ ಗುಣಿಸಿದರೆ ಸುಮಾರು 16 ಮಿಲಿಮೀಟರ್, ಅಂದರೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಅವರು ಲೆಕ್ಕವಿಲ್ಲದೆ ಕೈಯಲ್ಲೇ ತಿಳಿದಿದ್ದರು. ತೆಳು ನೈಲಾನಿನ ಅಳತೆಯನ್ನು ದಪ್ಪ ಚರ್ಮಕ್ಕೆ ಹಾಗೇ ಕೊಟ್ಟರೆ ಬಿಗಿಯಾಗುವುದು ಇದಕ್ಕೇ.

ಅಳೆಯುವ ಜಾಗವೂ ಮುಖ್ಯ. ಗ್ರೇಟ್ ಡೇನ್ ಕತ್ತು ಉದ್ದ. ಕಿವಿಯ ಹಿಂದೆ ಸಣ್ಣ, ಭುಜದ ಕಡೆ ದಪ್ಪ. ಸೋಮನಿಗೆ ಮೇಲೆ 24, ನಡುವೆ 26, ಬುಡದಲ್ಲಿ 29 ಇತ್ತು. ಬೆಲ್ಟ್ ನಿಜವಾಗಿ ಎಲ್ಲಿ ಕೂರುತ್ತದೋ ಅಲ್ಲಿ ಅಳೆಯಬೇಕು. ನಾಯಿ ನಿಂತು ನೇರ ನೋಡುತ್ತಿರಬೇಕು. ಇದು ಒಬ್ಬರ ಕೆಲಸ ಅಲ್ಲ. ಮಗಳು ಮುಂದೆ ಮುದ್ದೆ ಉಂಡೆ ಹಿಡಿದು ನಿಂತಳು, ನಾನು ಟೇಪ್ ಸುತ್ತಿದೆ. ಸಾಮಾನ್ಯವಾಗಿ ಎರಡು ಬೆರಳು ಒಳಗೆ ಹೋಗಬೇಕು ಅನ್ನುತ್ತಾರೆ. ಇಷ್ಟು ದೊಡ್ಡ ಕತ್ತಿಗೆ ನಾನು ಮೂರು ಬೆರಳು ಮಟ್ಟಸವಾಗಿ ಸಲೀಸಾಗಿ ಹೋಗುವ ಹಾಗೆ ಇಡುತ್ತೇನೆ. ಆಮೇಲೆ ಇನ್ನೊಂದು ಪರೀಕ್ಷೆ: ಬೆಲ್ಟ್ ಹಿಡಿದು ಮೆಲ್ಲಗೆ ತಲೆಯ ಕಡೆ ಜಾರಿಸಬೇಕು. ಕಿವಿಯ ಹತ್ತಿರ ಬಂದು ನಿಂತರೆ ಸರಿ, ಕಿವಿ ದಾಟಿದರೆ ಸಡಿಲ. ಈ ಎರಡನೆಯದನ್ನು ತುಂಬಾ ಜನ ಮಾಡುವುದಿಲ್ಲ.

ಒಟ್ಟು 32 ಇಂಚು ಉದ್ದ. ಕತ್ತಿನ 26ಕ್ಕೆ ಚರ್ಮದ ದಪ್ಪ, ಬೆರಳಿನ ಜಾಗ ಸೇರಿಸಿ ನಡುವಿನ ತೂತು 28ರಲ್ಲಿ, ಒಂದೊಂದು ಇಂಚು ಅಂತರದಲ್ಲಿ ಐದು ತೂತು. ಎಲ್ಲಾ ಸೇರಿ 1,400 ರೂಪಾಯಿ ಆಯಿತು. ಹಾಳಾದ ಮೂರನೆಯ ಬೆಲ್ಟಿಗೆ ಕೊಟ್ಟಿದ್ದಕ್ಕಿಂತ ಕಡಿಮೆ. ಹಗ್ಗದ ಉಂಗುರವನ್ನು ಬಕಲ್ಲಿನ ಪಕ್ಕದಲ್ಲೇ ಹಾಕಿಸಿದೆ. ಹಾಗಾಗಿ ಎಳೆತ ಎರಡು ಪದರ ಚರ್ಮದ ಮೇಲೆ ಬೀಳುತ್ತದೆ.

ಲೋಹದ ಬಗ್ಗೆ ಒಂದು ಮಾತು. ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಆದ್ದರಿಂದ ಹಿತ್ತಾಳೆ ಅಂತ ಕೆಲವರು ಹೇಳುತ್ತಾರೆ. ಅಷ್ಟು ಸಾಲದು. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ ಅಂತ ಗೊತ್ತಾಗುತ್ತದೆ, ನಿಜ. ಆದರೆ ಸುಲಭವಾಗಿ ಮುರಿಯುವ ಸತುವಿನ ಎರಕಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಕಾಣದ ಕಡೆ ಅರದಿಂದ ಒಂದು ಸಲ ಉಜ್ಜಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ, ಬೂದುಬಿಳಿ ಕಂಡರೆ ಬೇಡ.

ಹೆಸರಿನ ಬಿಲ್ಲೆ ನೇತುಹಾಕಬೇಡಿ ಅಂತಲೂ ಹೇಳುತ್ತೇನೆ. ಟೊಮೆಟೊ ಗಿಡಕ್ಕೆ ಆಧಾರವಾಗಿ ಕಡ್ಡಿ ನೆಟ್ಟು ತಂತಿ ಎಳೆದಿರುತ್ತೇವಲ್ಲ, ಹಳೇ ಬೆಲ್ಟಿನ ಬಿಲ್ಲೆ ಒಂದು ಸಲ ಆ ತಂತಿಗೆ ಸಿಕ್ಕಿಕೊಂಡು ಅವನು ಗಾಬರಿಯಲ್ಲಿ ಅರ್ಧ ಸಾಲನ್ನೇ ಕಿತ್ತು ತಂದಿದ್ದ. ಈ ಸಲ ಹಿತ್ತಾಳೆ ತಗಡಿನ ತುಂಡು ತೆಗೆದುಕೊಂಡು ಪಾತ್ರೆ ಅಂಗಡಿಗೆ ಹೋದೆ. ಮದುವೆಯ ಪಾತ್ರೆಗಳಿಗೆ ಹೆಸರು ಕೊರೆಯುವವರು ಅದೇ ಮಿಷನ್ನಿನಲ್ಲಿ 'ಸೋಮ' ಅಂತಲೂ ಕೆಳಗೆ ನನ್ನ ಫೋನ್ ನಂಬರನ್ನೂ ದುಂಡಗೆ ಕೊರೆದುಕೊಟ್ಟರು. ಅದನ್ನು ಬೆಲ್ಟಿಗೆ ಚಪ್ಪಟೆಯಾಗಿ ರಿವೆಟ್ ಹೊಡೆಸಿದೆ. ಎರಡೂವರೆ ವರ್ಷವಾದರೂ ಒಂದು ಅಂಕಿ ಅಳಿಸಿಲ್ಲ.

ಇನ್ನು ತೊಂದರೆಗಳು. ಮೊದಲ ವಾರ ಕಪ್ಪು ಬಣ್ಣ ಬಿಟ್ಟು ಅವನ ಗೋಧಿ ಬಣ್ಣದ ಕತ್ತಿಗೆ ಹತ್ತಿತು. ಬಣ್ಣ ಹಾಕದ ಚರ್ಮವನ್ನೇ ಕೇಳಬೇಕಿತ್ತು. ಮಳೆಯಲ್ಲಿ ನೆಂದರೆ ಒಣಗಲು ಎರಡು ಮೂರು ದಿನ ಬೇಕು, ವಾಸನೆಯೂ ಬರುತ್ತದೆ. ಬಿಸಿಲಿಗೆ ಇಟ್ಟರೆ ಸೆಟೆದುಕೊಳ್ಳುತ್ತದೆ, ನೆರಳಲ್ಲೇ ಒಣಗಿಸಬೇಕು. ಮೊದಲ ಮಳೆಗಾಲದಲ್ಲಿ ಬೂಷ್ಟು ಬಂತು. ಈಗ ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚುತ್ತೇನೆ. ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಅದಕ್ಕೆ ನಮ್ಮ ಅಮ್ಮನ ಮದ್ದೇ ಸಾಕು: ಹುಣಸೆಹಣ್ಣು, ಚೂರು ಉಪ್ಪು, ಚೆನ್ನಾಗಿ ತೊಳೆದು ಒರೆಸುವುದು. ಎರಡನೇ ವರ್ಷ ಬಕಲ್ ಹತ್ತಿರ ಹೊಲಿಗೆ ಸವೆದಿತ್ತು, 80 ರೂಪಾಯಿಗೆ ಮತ್ತೆ ಹೊಲಿದುಕೊಟ್ಟರು. ಚರ್ಮ ಇಷ್ಟು ದಿನಕ್ಕೆ ಕಾಲು ಇಂಚು ಹಿಗ್ಗಿದೆ ಅಷ್ಟೆ.

ಐದನೆಯ ಬೆಲ್ಟ್ ಯಾಕೆ ಬೇಕಾಯಿತು ಅಂದರೆ, ಹೋದ ವರ್ಷ ಮಳೆಗಾಲದಲ್ಲಿ ಅವನಿಗೆ ಉಣ್ಣಿ ಜ್ವರ ಬಂತು. ಅಗಲ ಬೆಲ್ಟಿನ ಅಡಿ ಉಣ್ಣಿಗೆ ಒಳ್ಳೆ ಅಡಗುತಾಣ, ದಿನಾ ಬಿಚ್ಚಿ ನೋಡದಿದ್ದದ್ದು ನನ್ನ ತಪ್ಪು. ಎರಡು ವಾರದಲ್ಲಿ ಆರು ಕೆ.ಜಿ. ಇಳಿದ. ಕತ್ತು ಒಂದು ಇಂಚಿಗಿಂತ ಜಾಸ್ತಿ ಸಣ್ಣಗಾಯಿತು, ನಾನು ತೂತು ಬದಲಿಸಿರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಹೆದರಿ ಹಿಂದಕ್ಕೆ ಹೆಜ್ಜೆ ಇಟ್ಟ, ತಲೆ ತಗ್ಗಿಸಿದ, ಬೆಲ್ಟ್ ಕಿವಿ ದಾಟಿ ನನ್ನ ಕೈಗೆ ಬಂತು. ನಿಶ್ಶಕ್ತಿಯಿಂದ ಅಲ್ಲೇ ಕೂತ, ಓಡಲಿಲ್ಲ. ತಬ್ಬಿಕೊಂಡೇ ಒಳಗೆ ಕರೆದುಕೊಂಡು ಹೋದೆ.

ಅದಕ್ಕೇ ಹೊರಗೆ ಗದ್ದಲದ ಕಡೆ ಹೋಗುವಾಗ ಈಗ ಎರಡು ಇಂಚಿನ ಮಾರ್ಟಿಂಗೇಲ್ ಬೆಲ್ಟ್ ಹಾಕುತ್ತೇನೆ. ಇದರಲ್ಲಿ ಕತ್ತಿನ ಸುತ್ತ ಬರುವ ದೊಡ್ಡ ಕುಣಿಕೆಯ ಎರಡು ತುದಿಯ ಬಳೆಗಳಿಗೆ ಸಣ್ಣ ಕುಣಿಕೆ ಸೇರಿರುತ್ತದೆ, ಹಗ್ಗ ಸಿಕ್ಕಿಸುವುದು ಸಣ್ಣದಕ್ಕೆ. ನಾಯಿ ಹಿಂದೆ ಎಳೆದರೆ ಸಣ್ಣದು ದೊಡ್ಡದನ್ನು ಬಿಗಿಯುತ್ತದೆ, ಒಂದು ಮಿತಿಗೆ ನಿಲ್ಲುತ್ತದೆ. ಉಸಿರು ಕಟ್ಟುವುದಿಲ್ಲ, ತಲೆಯೂ ಹೊರಗೆ ಬರುವುದಿಲ್ಲ. ಪೂರ್ತಿ ಬಿಗಿದಾಗಲೂ ಎರಡು ಬಳೆಗಳ ಮಧ್ಯೆ ಎರಡು ಬೆರಳಿನ ಜಾಗ ಇರಬೇಕು, ಒಂದಕ್ಕೊಂದು ತಾಗಿದರೆ ಸಡಿಲ ಅಂತ ಅರ್ಥ. ವಾಕಿಂಗ್ ಮುಗಿದ ತಕ್ಷಣ ಬಿಚ್ಚುತ್ತೇನೆ, ಯಾಕೆಂದರೆ ಆ ಸಣ್ಣ ಕುಣಿಕೆ ಎಲ್ಲಿಗಾದರೂ ಸಿಕ್ಕಿಕೊಳ್ಳಬಹುದು.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಬೇಡಿ, ವೈದ್ಯರನ್ನು ಕೇಳಿ. ಗ್ರೇಟ್ ಡೇನ್, ಡೋಬರ್‌ಮನ್ ತಳಿಗಳಲ್ಲಿ ವೊಬ್ಲರ್ ಅನ್ನುವ ಕತ್ತಿನ ಮೂಳೆಯ ಕಾಯಿಲೆ ಕಾಣಿಸುತ್ತದೆ. ಬೆನ್ನುಹುರಿ ಒತ್ತಿ ಹಿಂಗಾಲು ತೂರಾಡುತ್ತದೆ. ಅಂಥ ನಾಯಿಯ ಕತ್ತಿಗೆ ಎಷ್ಟು ಚೆನ್ನಾಗಿ ಕೂರುವ ಬೆಲ್ಟ್ ಆದರೂ ಹಗ್ಗ ಕಟ್ಟಿ ಎಳೆಯಬಾರದು. ಎದೆಗೆ ಹಾಕುವ ಹಾರ್ನೆಸ್ಸೇ ಬೇಕು.

ರಾತ್ರಿ ಮನೆಯಲ್ಲಿ ಸೋಮನ ಕತ್ತು ಬರಿದು. ದೀಪಾವಳಿಯ ಮೂರು ದಿನ ಮಾತ್ರ ಬೆಲ್ಟ್ ಬಿಚ್ಚುವುದಿಲ್ಲ. ಪಟಾಕಿಗೆ ಹೆದರಿ ಓಡಿದರೆ ನಂಬರ್ ಕತ್ತಲ್ಲೇ ಇರಲಿ ಅಂತ. ಉಳಿದ ದಿನ ಬಿಚ್ಚಿದ ತಕ್ಷಣ ಜೋರಾಗಿ ಮೈ ಕೊಡವಿ, ಕತ್ತಿನ ಅಡಿ ಕೆರೆಯಲಿ ಅಂತ ನನ್ನ ಮುಂದೆ ಬಂದು ನಿಲ್ಲುತ್ತಾನೆ. ಆಗಲೇ ಕೈಯಾಡಿಸಿ ಉಣ್ಣಿ, ಕೆಂಪು, ಹಸಿಗಾಯ ಏನಾದರೂ ಇದೆಯಾ ನೋಡುತ್ತೇನೆ. ನಿನ್ನೆ ಟೇಪನ್ನೂ ಹಿಡಿದಿದ್ದೆ. ಕಾಯಿಲೆಯಲ್ಲಿ ಕಳೆದುಕೊಂಡಿದ್ದೆಲ್ಲ ವಾಪಸ್ ಬಂದಿದೆ. 26 ಇಂಚು, ನಡುವಿನ ತೂತು.