ಅಡಿಕೆ ಲೆಕ್ಕಕ್ಕೆ ಎರಡು ಉಚಿತ ಡೇಟಾಬೇಸ್‌ಗಳು: ಒಂದು ಹೋಲಿಕೆ

ದತ್ತಾಂಶವನ್ನು ಕೋಷ್ಟಕಗಳಲ್ಲಿ ಕೂಡಿಡುವ ಡೇಟಾಬೇಸ್ ತಂತ್ರಾಂಶಗಳಲ್ಲಿ ಒಂದಾದ ಒರಾಕಲ್‌ನ ಎಂಟರ್‌ಪ್ರೈಸ್ ಆವೃತ್ತಿಯ ಪಟ್ಟಿದರ ಪ್ರೊಸೆಸರ್ ಒಂದಕ್ಕೆ 47,500 ಡಾಲರ್. ಶಿರಸಿಯ ಬಿಸಿಎ ವಿದ್ಯಾರ್ಥಿಗೆ ಅದು ಎಟುಕುವ ಮಾತಲ್ಲ. 2006ರಲ್ಲಿ ಬಂದ ಒರಾಕಲ್ 10ಜಿ ಎಕ್ಸ್‌ಇ ಮತ್ತು ಅದಕ್ಕಿಂತ ಸ್ವಲ್ಪ ಮೊದಲು ಬಂದ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2005 ಎಕ್ಸ್‌ಪ್ರೆಸ್ ಎಂಬ ಉಚಿತ ಆವೃತ್ತಿಗಳು, ತಲಾ 4 ಜಿಬಿ ದತ್ತಾಂಶದ ಮಿತಿಯೊಂದಿಗೆ, ದೊಡ್ಡ ಸಂಸ್ಥೆಗಳ ತಂತ್ರಾಂಶವನ್ನು ಶುಲ್ಕವಿಲ್ಲದೆ ಮನೆಯ ಕಂಪ್ಯೂಟರಿಗೆ ತಂದವು. ನಾನು ವಿದ್ಯಾರ್ಥಿಗಳೊಂದಿಗೆ ಬಳಸಿ ನೋಡಿದ್ದು ಅವುಗಳ ಮುಂದಿನ ಆವೃತ್ತಿಗಳಾದ 21ಸಿ ಎಕ್ಸ್‌ಇ ಮತ್ತು 2019 ಎಕ್ಸ್‌ಪ್ರೆಸ್. ಮೊದಲನೆಯದರ ಮಿತಿ 12 ಜಿಬಿ, ಎರಡನೆಯದರದು ಡೇಟಾಬೇಸ್ ಒಂದಕ್ಕೆ 10 ಜಿಬಿ; ಕಲಿಕೆಗೆ ಎರಡೂ ಧಾರಾಳ.

ನಿಜವಾದ ವ್ಯತ್ಯಾಸ ಕಂಡದ್ದು ಅಡಿಕೆ ವ್ಯಾಪಾರದ ಮಾದರಿ ಕೋಷ್ಟಕದಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆಯ ಬಗೆಗಳನ್ನು ಕನ್ನಡದಲ್ಲೇ ತುಂಬಿಸುವಾಗ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಎಕ್ಸ್‌ಇ ತಾನಾಗಿಯೇ ಒಪ್ಪುತ್ತದೆ, ಆದರೆ ಪದಗಳನ್ನಿಡುವ ಕಾಲಮ್ಮಿಗೆ ವಾರ್‌ಚಾರ್2(20) ಎಂದು ಬರೆದರೆ ಅದಕ್ಕೆ ಇಪ್ಪತ್ತು ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಕಾಗುಣಿತದ ಗುರುತು, ಸೊನ್ನೆ ಎಲ್ಲವೂ ಬೇರೆ ಬೇರೆ ಸಂಕೇತ) ಮೂರು ಬೈಟ್ ಬೇಕಾಗುವುದರಿಂದ, ಒಂಬತ್ತು ಸಂಕೇತಗಳ ‘ಕೆಂಪುಗೋಟು’ 27 ಬೈಟ್ ಆಗಿ, ಕಾಲಮ್ಮಿನಲ್ಲಿ ಹಿಡಿಸುವುದಿಲ್ಲ ಎನ್ನುವ ಓಆರ್‌ಎ-12899 ದೋಷ ಬರುತ್ತದೆ. 20ರ ಮುಂದೆ ‘ಚಾರ್’ ಎಂದು ಬರೆದರೆ ಸರಿಹೋಗುತ್ತದೆ. ಎಕ್ಸ್‌ಪ್ರೆಸ್ಸಿನಲ್ಲಿ ಯೂನಿಕೋಡ್ ಪದಗಳಿಗಾಗಿ ಇರುವ ಎನ್‌ವಾರ್‌ಚಾರ್ ಬಳಸಿದರೂ ಪದದ ಮೊದಲಿಗೆ ‘ಎನ್’ ಅಕ್ಷರ ಹಾಕದಿದ್ದರೆ ದೋಷದ ಸೂಚನೆಯೇ ಇಲ್ಲದೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಹೊಸಬರಿಗೆ ಮೌನಕ್ಕಿಂತ ದೋಷಸಂದೇಶವೇ ಒಳ್ಳೆಯ ಗುರು ಎಂಬುದು ನನ್ನ ಅಭಿಪ್ರಾಯ.

ಡೇಟಾಬೇಸ್ ನಿರ್ವಹಣೆ ಕಲಿಯುವವರಿಗೂ ಎಕ್ಸ್‌ಇ ಹೆಚ್ಚು ಕೊಡುತ್ತದೆ. ದತ್ತಾಂಶದ ಪ್ರತಿ ತೆಗೆದಿಡುವ ಆರ್‌ಮ್ಯಾನ್ ಬ್ಯಾಕಪ್, ನಿಗದಿತ ವೇಳೆಗೆ ಕೆಲಸ ನಡೆಸುವ ಶೆಡ್ಯೂಲರ್, ದೊಡ್ಡ ಕೋಷ್ಟಕವನ್ನು ಭಾಗಗಳಾಗಿ ಒಡೆದಿಡುವ ಪಾರ್ಟಿಷನ್ ಎಲ್ಲವೂ ಅದರಲ್ಲಿವೆ. ಪಾರ್ಟಿಷನ್ ಎಕ್ಸ್‌ಪ್ರೆಸ್ಸಿನಲ್ಲೂ ಇದೆ, ಆದರೆ ಶೆಡ್ಯೂಲರಿನ ಕೆಲಸ ಮಾಡುವ ಏಜೆಂಟ್ ಇಲ್ಲ. ಆದ್ದರಿಂದ ರಾತ್ರಿಯ ಬ್ಯಾಕಪ್ಪಿಗೆ ವಿಂಡೋಸಿನ ಟಾಸ್ಕ್ ಶೆಡ್ಯೂಲರನ್ನೇ ನೆಚ್ಚಿಕೊಳ್ಳಬೇಕು. ಅದೇ ಏಜೆಂಟ್ ಎಸ್‌ಕ್ಯೂಎಲ್ ಸರ್ವರಿನ ಉಚಿತವಾದ ಡೆವಲಪರ್ ಆವೃತ್ತಿಯಲ್ಲಿ ಸಿಗುತ್ತದೆ, ಅದನ್ನು ಕಲಿಕೆಗೆ ಧಾರಾಳವಾಗಿ ಬಳಸಬಹುದು.

4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇರುವವರಿಗೆ, ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಮಾತ್ರ ಕಲಿಯಬೇಕಾದವರಿಗೆ, ನಾನು ಎಕ್ಸ್‌ಪ್ರೆಸ್ಸನ್ನೇ ಹೇಳುತ್ತೇನೆ. ಡಿಬಿಎ (ಡೇಟಾಬೇಸ್ ನಿರ್ವಾಹಕ) ಕೆಲಸ ಹುಡುಕಿ ಬೆಂಗಳೂರಿಗೆ ಹೊರಡುವವರು ಎಕ್ಸ್‌ಇ ಹಾಕಿಕೊಳ್ಳಲಿ. ಆದರೆ ಯಾವುದೇ ಸಹಕಾರಿ ಸೊಸೈಟಿಯ ನಿಜವಾದ ಲೆಕ್ಕವನ್ನು ಅದರಲ್ಲಿ ಇಡಬಾರದು, ಏಕೆಂದರೆ ಎಕ್ಸ್‌ಇಗೆ ಭದ್ರತಾ ಪ್ಯಾಚ್‌ಗಳು (ಲೋಪ ಸರಿಪಡಿಸುವ ತುಣುಕುಗಳು) ಬರುವುದಿಲ್ಲ, ಎಕ್ಸ್‌ಪ್ರೆಸ್ಸಿಗೆ ಬರುತ್ತವೆ.