ಮೀಟರ್ ಗೇಜ್ ಸ್ಲೀಪರ್ ಮರ: ಬೆಂಚಿಗೆ ಬಂಗಾರ, ಅಡುಗೆಮನೆಗೆ ಬೇಡ

ದಾವಣಗೆರೆ, ಚಿತ್ರದುರ್ಗದ ಕಡೆ ಹಳೇ ‘ರೈಲ್ವೆ ಮರ’ ಕೊಳ್ಳುವವರು ಮೊದಲು ಟೇಪ್ ಹಿಡಿಯಬೇಕು. ಉದ್ದ 180, ಅಗಲ 20, ದಪ್ಪ 11.5 ಸೆಂ.ಮೀ. ಇದ್ದರೆ ಅದು ಮೀಟರ್ ಗೇಜಿನ (ಹಳಿಗಳ ನಡುವೆ ಒಂದು ಮೀಟರ್ ಅಂತರದ ದಾರಿಯ) ಸ್ಲೀಪರ್, ಅಂದರೆ ಹಳಿಗಳ ಕೆಳಗೆ ಅಡ್ಡ ಹಾಕುವ ಮರದ ದಿಮ್ಮಿ. ಉದ್ದ 275 ಸೆಂ.ಮೀ. ಇದ್ದರೆ ಅಗಲ ಹಳಿಯ, ಅಂದರೆ ಬ್ರಾಡ್ ಗೇಜಿನದು. 1921ರಲ್ಲಿ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಶಾಖೆ ತೆರೆದಾಗ ಆ ಜಂಕ್ಷನ್ನಿನ ಹಳಿಗಳೆಲ್ಲ ಮೀಟರ್ ಗೇಜೇ. 1992ರಲ್ಲಿ ಗೇಜ್ ಪರಿವರ್ತನೆಯ ಯೋಜನೆ ಶುರುವಾದ ಮೇಲೆ ಈ ಅಳತೆಯ ಮರಕ್ಕೆ ಕೆಲಸವಿಲ್ಲದಾಯಿತು. ಬ್ರಾಡ್ ಗೇಜ್ ಹಳಿಗಳ ನಡುವಿನ ಅಂತರವೇ 167.6 ಸೆಂ.ಮೀ.; ಎರಡೂ ಹಳಿಯ ತಲೆ ಸೇರಿಸಿದರೆ ಈ ಸ್ಲೀಪರಿನ ಉದ್ದವೇ ಸಾಲದು.

ಒಂದು ಸ್ಲೀಪರಿನಲ್ಲಿ ಸುಮಾರು 1.46 ಘನ ಅಡಿ ಮರವಿದೆ. ಅಷ್ಟೂ ಕೆಲಸಕ್ಕೆ ಬರುತ್ತದೆಂದು ಲೆಕ್ಕ ಹಾಕಬೇಡಿ. ಮೊಳೆ ಬಡಿದ ತೂತುಗಳ ನಡುವೆ ಸಿಗುವ ಸ್ವಚ್ಛ ಭಾಗ ಹೆಚ್ಚೆಂದರೆ 90 ಸೆಂ.ಮೀ. ಸುತ್ತಿಗೆಯಲ್ಲಿ ಉದ್ದಕ್ಕೂ ಬಡಿದು ನೋಡಿ: ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಡಬ್ ಎನ್ನುತ್ತದೆ. ಕೊಳೆ ಹಿಡಿಯುವುದು ಹೆಚ್ಚಾಗಿ ಮೊಳೆ ತೂತಿನಿಂದಲೇ, ಏಕೆಂದರೆ ಮಳೆನೀರು ನಿಲ್ಲುವುದು ಅಲ್ಲಿ. ತಳಭಾಗದಲ್ಲಿ ಜಲ್ಲಿಯ ಚೂರು ಹೂತಿರುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಮುರಿದ ಮೊಳೆಗಳನ್ನು ಅಯಸ್ಕಾಂತದಿಂದ ಹುಡುಕದೆ ಪ್ಲೇನಿಂಗ್ ಯಂತ್ರಕ್ಕೆ ಕೊಟ್ಟರೆ ಬ್ಲೇಡ್ ಹೋದಂತೆಯೇ.

ಕಪ್ಪಗಿದ್ದು ಡಾಂಬರಿನಂಥ ವಾಸನೆ ಬಂದರೆ ಕ್ರಿಯೋಸೋಟ್ (ಮರ ಕೊಳೆಯದಂತೆ ಹಾಕುವ ಎಣ್ಣೆ) ಕುಡಿಸಿದ ಮರ. ಇದು ವಿಷ. ಬೇಸಿಗೆಯಲ್ಲಿ ಎಣ್ಣೆ ಜಿನುಗುತ್ತದೆ, ಬಣ್ಣ ನಿಲ್ಲುವುದಿಲ್ಲ. ಮಂಚ, ಊಟದ ಮೇಜು, ಕಾಳಿನ ಕಣಜಕ್ಕೆ ಬಳಸಲೇಬಾರದು; ಚೂರುಗಳನ್ನು ಒಲೆಗೂ ಹಾಕಬಾರದು. ತೋಟದ ಗೇಟಿನ ಕಂಬಕ್ಕೆ ಮಾತ್ರ ಸರಿ. ಎಣ್ಣೆ ಕುಡಿಸದ ಸಾಗುವಾನಿ ಸಿಕ್ಕರೆ ಬಿಡಬೇಡಿ. ಅಂಗಳದ ಬೆಂಚಿಗೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಜೊತೆಗೆ ಸಿಗುವ ಹಳಿಯ ತುಂಡು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ಚೆನ್ನ. 60 ಪೌಂಡಿನ (ಒಂದು ಗಜಕ್ಕೆ 60 ಪೌಂಡ್ ತೂಗುವ) ಹಳಿ ಮೀಟರಿಗೆ ಸುಮಾರು 30 ಕೆ.ಜಿ., 90 ಪೌಂಡಿನದು 44.6 ಕೆ.ಜಿ. ತೂಗುತ್ತದೆ. ಬಡಿಯುವ ಕೆಲಸಕ್ಕೆ ಭಾರದ್ದೇ ಬೇಕು. ಇಂಗಾಲ ಹೆಚ್ಚಿರುವ ಉಕ್ಕಾದ್ದರಿಂದ ಮೊದಲೇ ಕಾಯಿಸದೆ ವೆಲ್ಡ್ ಮಾಡಿದರೆ ಬಿರುಕು ಬಿಡುತ್ತದೆ. ಹಳಿಯ ಪಕ್ಕದಲ್ಲಿ ಉಬ್ಬಿ ನಿಂತಿರುವ ತಯಾರಕರ ಹೆಸರು, ವರ್ಷವನ್ನು ದಯವಿಟ್ಟು ಗ್ರೈಂಡರಿನಲ್ಲಿ ಉಜ್ಜಬೇಡಿ. ಆ ಹಳಿಯ ಚರಿತ್ರೆ ಓದಲು ಅದೊಂದೇ ದಾರಿ.

ರೈಲ್ವೆ ಹರಾಜಿನ ಕಾಗದದ ನಕಲು ಮತ್ತು ಜಿಎಸ್‌ಟಿ ಬಿಲ್ ಇಲ್ಲದೆ ಒಂದು ಮೊಳೆಯನ್ನೂ ಕೊಳ್ಳಬೇಡಿ. ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡವರ ಮೇಲೆ 1966ರ ಕಾಯ್ದೆಯಡಿ ಕೇಸು ಬೀಳುತ್ತದೆ. ನ್ಯಾಯವಾಗಿ ಬಂದ ಮಾಲೆಂದು ತೋರಿಸುವ ಹೊಣೆ ಇಟ್ಟುಕೊಂಡವರದೇ.