ಖೋತಿಗಾಂವ್ ಅಂಚಿನ ಚಳಿಗಾಲದ ಕಪ್ಪೆ ನಡಿಗೆ: ದಾರಿ ಚೆಂದ, ಗುಂಪು ದೊಡ್ಡದು

ಕಾರವಾರ ದಾಟಿದರೆ ಗೋವಾದ ಕಾಣಕೋಣ. ಅಲ್ಲಿನ ಖೋತಿಗಾಂವ್ ಅಭಯಾರಣ್ಯದ ಹೊರಗಿನ ತೋಟಗಳಲ್ಲಿ ಕಪ್ಪೆ ನೋಡಲೆಂದು ನಡೆಸುವ 2 ಗಂಟೆ ಅವಧಿಯ ರಾತ್ರಿ ನಡಿಗೆಯಿದು. ಜನವರಿಯಲ್ಲಿ ಮಳೆಗಾಲದ ವಟವಟ ಇರುವುದಿಲ್ಲ, ಕಿವಿಗಿಂತ ಕಣ್ಣಿಗೇ ಕೆಲಸ ಹೆಚ್ಚು. ಇದನ್ನು ಹೊರಡುವ ಮೊದಲೇ ಹೇಳುತ್ತಾರೆ, ಮೆಚ್ಚಬೇಕಾದ್ದು.

ನೀರು ಬತ್ತದ ಹಳ್ಳದ ಪಕ್ಕದ ದಾರಿಯನ್ನೇ ಆರಿಸಿದ್ದಾರೆ. ಹಸಿ ಬಂಡೆಗಳ ಮೇಲೆ ಇಂಡಿರಾನಾ ಕುಲದ ನೆಗೆಯುವ ಕಪ್ಪೆಗಳು. ತರಗೆಲೆಯ ನಡುವೆ ಇಬ್ಬಣ್ಣದ ಕಪ್ಪೆ: ಬೆನ್ನು ತಿಳಿಗಂದು, ಪಕ್ಕೆ ಕಡುಗಪ್ಪು, ಗೆರೆ ಎಳೆದಷ್ಟು ಸ್ಪಷ್ಟ. ಮಡುವಿನಲ್ಲಿ ಅದರ ಕರಿ ಗೊದಮೊಟ್ಟೆಗಳು ಹಿಂಡಾಗಿ ಒಟ್ಟಿಗೇ ತಿರುಗುವುದನ್ನು ನೋಡಲೆಂದೇ ಹೋಗಬಹುದು.

ಟಾರ್ಚನ್ನು ಸೊಂಟದ ಬಳಿಯಲ್ಲ, ಕಣ್ಣಿನ ಪಕ್ಕ ಹಿಡಿಯಬೇಕು. ಇಲ್ಲದಿದ್ದರೆ ಕಪ್ಪೆಯ ಕಣ್ಣಿನ ಹೊಳಪು ನಮ್ಮತ್ತ ಮರಳದು. ಸೂಜಿಮೊನೆಯಷ್ಟು ಸಣ್ಣಗೆ ಹೊಳೆದರೆ ಬಹುಶಃ ಜೇಡ.

ಕೊರತೆಗಳೂ ಇವೆ. 14 ಜನರ ಸಾಲಿನಲ್ಲಿ ಹಿಂದಿದ್ದವರಿಗೆ ಸಿಗುವುದು ಕಪ್ಪೆ ಹಾರಿದ ನೀರಿನ ಅಲೆ ಮಾತ್ರ, ಗುಂಪು 6 ಜನ ಮೀರಬಾರದು. ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲೇ ಮಾರ್ಗದರ್ಶಿ ಕಪ್ಪೆ ಎತ್ತಿದ್ದು ದೊಡ್ಡ ತಪ್ಪು. ಅದರ ತೆಳು ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮಗುಚಿದ ಕಲ್ಲುಗಳನ್ನೂ ಹಾಗೇ ಬಿಟ್ಟರು. ಕೆಳಗಿನ ತೇವ ಒಣಗಿದರೆ ಅಡಗುದಾಣ ಹೋಯಿತು.

ಬೂಟಿನ ಕೆಸರು ಉಜ್ಜಿ ತೊಳೆದು ಪೂರ್ತಿ ಒಣಗಿಸದೆ ಬೇರೆ ಹಳ್ಳಕ್ಕೆ ಇಳಿಯಬೇಡಿ, ಕಪ್ಪೆಗಳಿಗೆ ಚರ್ಮರೋಗ ತರುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಕೆಸರಿನಲ್ಲೇ ಸಾಗುತ್ತದೆ. ಬುಕ್ ಮಾಡುವಾಗಲೇ ಗುಂಪಿನ ಗಾತ್ರ ಕೇಳಿ.